ಮೊದಲ ಪಾಠದ ಪುಸ್ತಕ ತೆರೆದಿರಲಿ

ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ಗಣಕಯಂತ್ರಗಳನ್ನು ನೀಡಲು ಹಳೆಯ ವಿದ್ಯಾರ್ಥಿಗಳು ಸಂಕಲ್ಪಿಸಿರುವುದನ್ನು ಕೇಳಿ ಸಂತೋಷಪಟ್ಟೆನು. ಎಂತಹ ಯಂತ್ರವನ್ನು ಕೊಡಬೇಕೆಂಬ ವಿಷಯದಲ್ಲಿ ನನ್ನದೂ ಒಂದು ಮಾತಿದೆ. ಕನ್ನಡದಲ್ಲಿ ಎಸ್.ಎಸ್.ಎಲ್.ಸಿ. ಓದಿದ ಈ ಮುದುಕನಿಗೆ ಗಣಕದ ಗೊಡವೆ ಏಕೆಂದು ನಗಬೇಡಿರಿ.

ಹಿಂದೊಮ್ಮೆ ದಾನಿಗಳೊಬ್ಬರು ನಮ್ಮೂರಿನ ವಾಚನಾಲಯಕ್ಕೆ ಕೊಟ್ಟ ಟ್ಯಾಬ್ಲೆಟ್ಟುಗಳು ಇಂದು ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಅವು ಕೆಟ್ಟಿಲ್ಲ. ತಯಾರಕರು ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದರು. ಅವರ ಸಹಿಯಿಲ್ಲದ ಬೇರೆ ತಂತ್ರಾಂಶವನ್ನು ಆ ಯಂತ್ರದ ಮೊದಲ ಪ್ರೋಗ್ರಾಂ ಎಬ್ಬಿಸಲು ಒಪ್ಪುವುದಿಲ್ಲ.

ಕಳೆದ ಬೇಸಗೆ ರಜೆಯಲ್ಲಿ, ಇದೇ ಶಾಲೆಯಲ್ಲಿ ಅಕ್ಷರ ಕಲಿತ ನನ್ನ ಮೊಮ್ಮಗನು ಆರೆಂಜ್ ಪೈ ಪಿಸಿ ಎಂಬ ಅಂಗೈಯಗಲದ ಹಲಗೆಯೊಂದನ್ನು ತಂದನು. ಒಂದೇ ಹಲಗೆಯ ಮೇಲೆ ಇಡೀ ಗಣಕ! ವಿದ್ಯುತ್ತು ಹರಿದೊಡನೆ, ಚಿಪ್ಪಿನಲ್ಲಿ ಅಚ್ಚಾಗಿರುವ ಪುಟ್ಟ ಪ್ರೋಗ್ರಾಂ, ಮೆಮೊರಿ ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ಮುಂದೆ ಬರೆದಿರುವುದನ್ನು ಓದುತ್ತದೆ. ಹಾಗೆ ಓದಲ್ಪಟ್ಟ ಚಿಕ್ಕ ಭಾಗವು ಯಂತ್ರದ ಸ್ಮರಣೆಯನ್ನು ಸಜ್ಜುಗೊಳಿಸಿ ದೊಡ್ಡ ಭಾಗವನ್ನು ಕರೆಯುತ್ತದೆ. ದೊಡ್ಡದು ಲಿನಕ್ಸನ್ನು ಎಬ್ಬಿಸುತ್ತದೆ. ಈ ಎರಡೂ ಭಾಗಗಳು ಸೇರಿ ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಅವರು ಬೆಳೆಸಿದ ಈ ಕೃತಿಗೆ 2002ರಲ್ಲಿ ಆ ಹೆಸರು ಬಂತು. 2022ರಲ್ಲಿ ಅವರು ತೀರಿಕೊಂಡರೂ ಕೃತಿ ನಿಲ್ಲಲಿಲ್ಲ. ಮೂಲಬರಹ ಎಲ್ಲರಿಗೂ ತೆರೆದಿರುವುದರಿಂದ ಅನೇಕರು ಅದನ್ನು ಮುಂದುವರಿಸುತ್ತಿದ್ದಾರೆ.

ಮೊಮ್ಮಗನು ಆ ಮೂಲಬರಹವನ್ನು ತರಿಸಿ, ತನ್ನ ಹಲಗೆಯ ಹೆಸರನ್ನು ಆರಿಸಿ, ಲ್ಯಾಪ್‌ಟಾಪಿನಲ್ಲಿ ಕಟ್ಟಿ ಕಾರ್ಡಿಗೆ ಬರೆದನು. ಮೊದಲ ಸಲ ಯಂತ್ರ ಮೌನವಾಗಿಯೇ ಇತ್ತು. ಮೂರು ತಂತಿಗಳನ್ನು ಜೋಡಿಸಿ ನೋಡಿದರೂ ಒಂದಕ್ಷರವೂ ಬರಲಿಲ್ಲ. ಸಂಜೆಯವರೆಗೆ ಹುಡುಕಿ, "ಅಜ್ಜಾ, ಬರೆದ ಜಾಗವೇ ತಪ್ಪಿತ್ತು" ಎಂದನು. ಆ 8 ಕಿಲೋಬೈಟ್‌ಗಳನ್ನು ಬಿಡಲು ಮರೆತಿದ್ದನಂತೆ. ತಿದ್ದಿ ಬರೆದೊಡನೆ ಸಾಲುಸಾಲಾಗಿ ಅಕ್ಷರಗಳು ಮೂಡಿದವು. ತಾನೇ ತಪ್ಪಿ, ತಾನೇ ತಿದ್ದಿಕೊಂಡ ಹುಡುಗನ ಮುಖವನ್ನು ನೋಡಿದಾಗ, ನನ್ನ ಸೇವಾವಧಿಯ ಎಷ್ಟೋ ತರಗತಿಗಳು ಕಣ್ಣ ಮುಂದೆ ಬಂದವು.

ಬೀಗವಿರುವುದು ರಕ್ಷಣೆಗಾಗಿ ಎಂದು ಕೆಲವರು ವಾದಿಸಬಹುದು. ಬೀಗ ಬೇಡವೆಂದು ನಾನೂ ಹೇಳುವುದಿಲ್ಲ. ಯು-ಬೂಟ್‌ನಲ್ಲಿಯೂ ಸಹಿ ಪರೀಕ್ಷಿಸುವ ವ್ಯವಸ್ಥೆಯಿದೆ. ಕೀಲಿಯನ್ನು ಮಾತ್ರ ನಾವೇ ಮಾಡಿಕೊಳ್ಳಬಹುದು. ಮನೆಯ ಕೀಲಿ ಮನೆಯವರ ಕೈಯಲ್ಲಿರಬೇಕೆಂಬುದಷ್ಟೇ ನನ್ನ ವಾದ.

ಗಡಿನಾಡಿನವರಾದ ನಮಗೆ ಇದು ಹೊಸ ಪಾಠವಲ್ಲ. ಕನ್ನಡ ಪಠ್ಯಪುಸ್ತಕಗಳು ಸಕಾಲಕ್ಕೆ ಬಾರದಿದ್ದಾಗ ನಾವು ಉಪಾಧ್ಯಾಯರು ಒಂದೇ ಪ್ರತಿಯಿಂದ ಪಾಠಗಳನ್ನು ಕೈಯಲ್ಲಿ ನಕಲು ಮಾಡಿ ಕಲಿಸಿದ್ದೇವೆ. ಪುಸ್ತಕ ತೆರೆದಿತ್ತು, ಆದುದರಿಂದ ಪಾಠ ನಿಲ್ಲಲಿಲ್ಲ. ನಾವು ಸಂಖ್ಯೆಯಲ್ಲಿ ಕಡಿಮೆಯಿರುವವರು. ನಮಗಾಗಿ ದೂರದ ಯಾವ ಕಂಪೆನಿಯೂ ಕಾದು ಕುಳಿತಿರುವುದಿಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನು ಅಪ್ಪಿಕೊಂಡವು. ಕಾಸರಗೋಡಿನ ನಮ್ಮ ಮಕ್ಕಳು ಇನ್ನೊಂದು ಮೆಟ್ಟಿಲು ಕೆಳಗಿಳಿದು, ಯಂತ್ರ ಕಣ್ತೆರೆಯುವ ಆ ಮೊದಲ ಗಳಿಗೆಯನ್ನೂ ಕಾಣಲಿ.

ಆದುದರಿಂದ ಹೊಳೆಯುವ ಯಂತ್ರಗಳಲ್ಲಿ ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ. ಮೂಲಬರಹ ತೆರೆದಿರುವ ಕೆಲವು ಹಲಗೆಗಳನ್ನು ಕೊಡಿರಿ. ಅವುಗಳೊಂದಿಗೆ, ಇಂಜಿನಿಯರುಗಳಾಗಿರುವ ನಮ್ಮ ಶಿಷ್ಯರು ವರ್ಷಕ್ಕೆರಡು ದಿನ ಶಾಲೆಗೆ ಬಂದು ಮಕ್ಕಳ ಜೊತೆ ಕುಳಿತುಕೊಳ್ಳಿರಿ. ಅದೇ ನಿಜವಾದ ಗುರುದಕ್ಷಿಣೆಯೆಂದು ಭಾವಿಸುತ್ತೇನೆ.