ಮೋಟಾರನ್ನು ದೂರುವ ಮೊದಲು ಚೈನನ್ನು ನೋಡಿ



ಮಲೆನಾಡಿನಲ್ಲಿ ಮರಗಸಿಗೆ ನುರಿತ ಆಳು ಸಿಗುವುದು ಕಷ್ಟವಾದಂತೆಲ್ಲ ವಿದ್ಯುತ್ತಿನಿಂದ ನಡೆಯುವ ಚೈನ್ ಗರಗಸಗಳು ತೋಟಗಳಿಗೆ ಬಂದಿವೆ. ಅವುಗಳಲ್ಲಿ ಹಲವು ಒಂದೆರಡು ಹಂಗಾಮಿನಲ್ಲೇ ಕೊಟ್ಟಿಗೆಯ ಮೂಲೆ ಸೇರುವುದನ್ನೂ ಕಾಣುತ್ತಿದ್ದೇನೆ. "ಕರೆಂಟಿನದಕ್ಕೆ ಶಕ್ತಿ ಸಾಲದು, ಮೋಟಾರು ಸುಟ್ಟುಹೋಗುತ್ತದೆ" ಎಂಬುದು ಸಾಮಾನ್ಯವಾದ ದೂರು. ಈ ದೂರು ಬಹುಮಟ್ಟಿಗೆ ಮೋಟಾರಿಗೆ ಸಲ್ಲತಕ್ಕದ್ದಲ್ಲ, ಚೈನಿಗೆ ಮತ್ತು ಅದು ಓಡುವ ಬಾರಿಗೆ ನಾವು ತೋರುವ ಅಲಕ್ಷ್ಯಕ್ಕೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಬೇಸಾಯಶಾಸ್ತ್ರದವನು, ಯಂತ್ರತಜ್ಞನಲ್ಲ. ಆದರೆ ಇಷ್ಟನ್ನು ಹೇಳಲು ತೋಟದಲ್ಲಿ ಕಣ್ಣು ಬಿಟ್ಟು ನಿಂತರೆ ಸಾಕು.

ಸಕಲೇಶಪುರದ ಕಡೆ ಒಂದು ತೋಟದಲ್ಲಿ ಸಿಲ್ವರ್ ಓಕ್ ದಿಮ್ಮಿ ಕೊಯ್ಯುತ್ತಿದ್ದರು. ಆಳು ಗರಗಸದ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದ. ಹೊಗೆ ಏಳುತ್ತಿತ್ತು. ಕೆಳಗೆ ಬೀಳುತ್ತಿದ್ದುದು ರಾಗಿ ಹಿಟ್ಟಿನಂಥ ನುಣ್ಣನೆಯ ಪುಡಿ. ಹಲ್ಲು ಮಸೆದು ಎಷ್ಟು ದಿನವಾಯಿತು ಎಂದು ಕೇಳಿದೆ. "ಮಸೆಯೋದಾ ಸಾರ್? ತಂದು ಮೂರು ತಿಂಗಳೂ ಆಗಿಲ್ಲ" ಎಂದ. ಅವನ ಸೊಂಟದ ಕೊಕ್ಕೆಯಲ್ಲಿದ್ದ ಕತ್ತಿ ಮಾತ್ರ ಅಂದು ಬೆಳಿಗ್ಗೆ ಮಸೆದದ್ದು, ಫಳಫಳ ಹೊಳೆಯುತ್ತಿತ್ತು!

ಹರಿತವಾದ ಚೈನು ಮರವನ್ನು ಪುಡಿ ಮಾಡುವುದಿಲ್ಲ, ಚಕ್ಕೆ ಎಬ್ಬಿಸುತ್ತದೆ. ಈಗಿನ ಚೈನಿನ ಬಾಗಿದ ಹಲ್ಲನ್ನು ರೂಪಿಸಿದವರು ಅಮೆರಿಕದ ಜೋಸೆಫ್ ಕಾಕ್ಸ್. ಮರ ಕೊರೆಯುವ ದುಂಬಿಯ ಹುಳು ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ಕತ್ತರಿಸುತ್ತ ಸಾಗುವುದನ್ನು ಗಮನಿಸಿ, 1947ರಲ್ಲಿ ಅವರು ಅದೇ ಬಗೆಯ ಚೈನನ್ನು ಮಾರುಕಟ್ಟೆಗೆ ತಂದರು. ನಮ್ಮ ಕಾಫಿಯ ವೈರಿಯಾದ ಬಿಳಿ ಕಾಂಡಕೊರಕವೂ ಆ ದುಂಬಿಯ ಕುಟುಂಬಕ್ಕೇ ಸೇರಿದ್ದು. ಹುಳುವಿನ ದವಡೆ ಮೊಂಡಾದರೆ ಅದು ಕೊರೆಯಲಾರದು. ಚೈನಿನ ಕಥೆಯೂ ಅಷ್ಟೇ. ಹಲ್ಲು ಮೊಂಡಾದಾಗ ಒತ್ತಡ ಹೆಚ್ಚುತ್ತದೆ, ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಒಳಗಿನ ತಂತಿಸುರುಳಿ ಕಾಯುತ್ತದೆ. ತೆಳುವಾದ ಉದ್ದನೆಯ ವೈರಿನಲ್ಲಿ ತೋಟದ ತುದಿಗೆ ಕರೆಂಟು ಒಯ್ದಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಚಕ್ಕೆ ನಿಂತು ಪುಡಿ ಬರಲಾರಂಭಿಸಿದ ಕೂಡಲೇ ಕೆಲಸ ನಿಲ್ಲಿಸಿ. ಒಮ್ಮೆ ಮಣ್ಣು ತಾಗಿದರೂ ಸಾಕು, ಹರಿತ ಹೋಗುತ್ತದೆ. ಹಳೆಯ ತೆಂಗಿನ ಕಾಂಡವೂ ಹಲ್ಲನ್ನು ಬೇಗ ಸವೆಸುತ್ತದೆ. ಮೊದಲು ಪ್ಲಗ್ಗನ್ನು ಕಿತ್ತಿಡಿ, ಬ್ಯಾಟರಿಯದಾದರೆ ಬ್ಯಾಟರಿಯನ್ನು ತೆಗೆದಿಡಿ. ಪೆಟ್ರೋಲಿನ ಗರಗಸ ಗುರುಗುಟ್ಟಿ ಎಚ್ಚರಿಸುತ್ತದೆ, ವಿದ್ಯುತ್ತಿನದು ಮೌನವಾಗಿರುತ್ತದೆ. ಗುಂಡಿಗೆ ಕೈ ತಾಗಿದರೆ ಚೈನು ಓಡಿಯೇಬಿಡುತ್ತದೆ.

ಮಸೆಯಲು ಬೇಕಾದದ್ದು ಒಂದು ದುಂಡನೆಯ ಅರ. ಸಣ್ಣ ವಿದ್ಯುತ್ ಗರಗಸಗಳಲ್ಲಿ ಸಾಮಾನ್ಯವಾಗಿರುವ 3/8 ಅಂಗುಲದ ಗಿಡ್ಡ ಹಲ್ಲಿನ ಚೈನಿಗೆ 4 ಮಿ.ಮೀ. ಅರ ಸರಿಹೊಂದುತ್ತದೆ. ಬೇರೆ ಚೈನಾದರೆ ಕೈಪಿಡಿ ನೋಡಿ ಕೊಳ್ಳಿ. ಹಲ್ಲಿನ ಒಳಗಿನಿಂದ ಹೊರಕ್ಕೆ, ಸುಮಾರು 30 ಡಿಗ್ರಿ ಓರೆಯಲ್ಲಿ, ತಳ್ಳುವಾಗ ಮಾತ್ರ ಉಜ್ಜಬೇಕು. ಎಳೆಯುವಾಗ ಅರವನ್ನು ಎತ್ತಬೇಕು. ಒಂದು ಹಲ್ಲಿಗೆ ಮೂರು ಸಲ ಉಜ್ಜಿದರೆ ಎಲ್ಲಕ್ಕೂ ಮೂರೇ. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಬದಿಯದು ಗಿಡ್ಡವಾದರೆ ಗರಗಸ ಒಂದು ಕಡೆಗೆ ಎಳೆಯುತ್ತದೆ. ಹಲ್ಲಿನ ಮುಂದಿರುವ ಗಿಡ್ಡ ಮೊಳೆಯಂಥ ಭಾಗ ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುತ್ತದೆ. ಇಂಥ ಚೈನಿನಲ್ಲಿ ಅದು ಹಲ್ಲಿಗಿಂತ ಸಾಮಾನ್ಯವಾಗಿ 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲೆಂದು ಇದನ್ನು ಹೆಚ್ಚು ತಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ. ಆಗ ಬಾರಿನ ತುದಿ ಕೊಂಬೆಗೆ ತಾಗಿದಾಗ ಗರಗಸ ಮುಖಕ್ಕೇ ಸಿಡಿದು ಬರುವ ಅಪಾಯ ಹೆಚ್ಚುತ್ತದೆ.

ಎಣ್ಣೆಯ ವಿಷಯದಲ್ಲಿ ನನಗೆ ಖಂಡಿತವಾದ ಅಭಿಪ್ರಾಯವಿದೆ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆಯನ್ನು ಗರಗಸಕ್ಕೆ ಹಾಕುವುದು ಉಳಿತಾಯವಲ್ಲ. ಅದರಲ್ಲಿ ಲೋಹದ ಕಣಗಳಿರುತ್ತವೆ. ಅವು ಎಣ್ಣೆಯ ಪಂಪನ್ನೂ ಬಾರನ್ನೂ ತಿನ್ನುತ್ತವೆ. ಮಿಗಿಲಾಗಿ, ಚೈನಿಗೆ ಹೋದ ಎಣ್ಣೆ ತೊಟ್ಟಿಗೆ ಹಿಂದಿರುಗುವುದಿಲ್ಲ. ಹಾಕಿದ್ದೆಲ್ಲ ಸಿಡಿದು ಬೀಳುವುದು ತೋಟದ ಮಣ್ಣಿಗೆ ಮತ್ತು ಆಳಿನ ಮೈಗೆ. ಬಳಸಿದ ಎಂಜಿನ್ ಎಣ್ಣೆ ಚರ್ಮಕ್ಕೆ ಹಾನಿಕರ, ಬಹುಕಾಲ ಸೋಕಿದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಚೈನಿಗೆಂದೇ ಮಾರುವ ಅಂಟು ಎಣ್ಣೆಯನ್ನು ಬಳಸಿರಿ. ಅಡುಗೆ ಎಣ್ಣೆ ಹಾಕಿ ತಿಂಗಳುಗಟ್ಟಲೆ ಇಟ್ಟರೆ ಅದು ಅಂಟಾಗಿ ಕಟ್ಟಿಕೊಳ್ಳುತ್ತದೆ. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು ಬಾರಿನ ತುದಿಯನ್ನು ಬಿಳಿ ಕಾಗದದ ಮೇಲೆ, ತಾಗದಂತೆ ಹಿಡಿದು ಓಡಿಸಿರಿ. ಸಣ್ಣ ಗೆರೆ ಮೂಡಬೇಕು.

ಗೆರೆ ಮೂಡದಿದ್ದರೆ ಬಾರನ್ನು ಬಿಚ್ಚಿ ನೋಡಿರಿ. ಅದರ ಅಂಚಿನ ಉದ್ದಕ್ಕೂ ಇರುವ ತೋಡಿನಲ್ಲಿ ಎಣ್ಣೆ ನೆನೆದ ಪುಡಿ ಹೆಂಟೆಯಂತೆ ಕೂತಿರುತ್ತದೆ, ಎಣ್ಣೆಯ ರಂಧ್ರ ಮುಚ್ಚಿರುತ್ತದೆ. ತೆಳು ತಗಡಿನಿಂದ ಕೆರೆದು ತೆಗೆಯಿರಿ. ಅಂಚಿನಲ್ಲಿ ಹೊರಕ್ಕೆ ಮಡಿಚಿಕೊಂಡ ಚೂಪು ಎಳೆಗಳನ್ನು ಚಪ್ಪಟೆ ಅರದಿಂದ ಉಜ್ಜಿರಿ. ಕೆಳಗಿನ ಅಂಚೇ ಹೆಚ್ಚು ಸವೆಯುವುದರಿಂದ, ಬಿಚ್ಚಿದಾಗಲೆಲ್ಲ ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚುಗಳು ಸಮನಾಗಿ ಸವೆದು ಬಾಳಿಕೆ ಹೆಚ್ಚುತ್ತದೆ.

ನಮ್ಮ ತಪ್ಪನ್ನೂ ಹೇಳಬೇಕು. ತರಬೇತಿಗಳಲ್ಲಿ ನಾವು ವಿಸ್ತರಣಾ ಕಾರ್ಯಕರ್ತರು ದಿಮ್ಮಿ ಕೊಯ್ದು ತೋರಿಸಿ ಚಪ್ಪಾಳೆ ಪಡೆಯುತ್ತೇವೆ, ಅರ ಹಿಡಿದು ತೋರಿಸುವುದು ಅಪರೂಪ. ಯಜಮಾನರು ಕಲಿತರೂ ಸಾಲದು. ದಿನವೂ ಗರಗಸ ಹಿಡಿಯುವ ಆಳಿಗೇ ಇದನ್ನು ಕಲಿಸಬೇಕು, ಮಸೆಯುವ ಹೊತ್ತನ್ನು ಕೂಲಿಯ ಹೊತ್ತಿನಲ್ಲೇ ಸೇರಿಸಬೇಕು. ಎರಡನೆಯ ಚೈನು ಕೊಳ್ಳುವ ಮೊದಲು ಅರ ಕೊಳ್ಳಿರಿ.

ಚೈನಿನ ಬಿಗುವನ್ನು ತಣ್ಣಗಿರುವಾಗಲೇ ನೋಡಬೇಕು. ಅದು ಬಾರಿನ ಕೆಳಗಂಚಿಗೆ ಅಂಟಿರಬೇಕು, ಕೈಗವಸು ತೊಟ್ಟು ಎಳೆದರೆ ಸಲೀಸಾಗಿ ಸರಿಯಬೇಕು. ಕೆಲಸದಲ್ಲಿ ಕಾದ ಚೈನು ಹಿಗ್ಗಿ ಜೋತಾಗ ಬಿಗಿ ಮಾಡಿದ್ದರೆ, ಸಂಜೆ ಮರೆಯದೆ ಸಡಿಲಿಸಿಡಿ. ಇಲ್ಲವಾದರೆ ತಣ್ಣಗಾಗಿ ಕುಗ್ಗಿದಾಗ ಅದು ಬಾರನ್ನೂ ಮೋಟಾರಿನ ಬೇರಿಂಗನ್ನೂ ಹಿಂಡುತ್ತದೆ.