ಬಾದಾಮಿಯಲ್ಲಿ ಬಚ್ಚಲಿಗೂ ಅಪ್ಪಣೆ

‘ನನ್ನ ಮನೆ, ನನ್ನ ಬಚ್ಚಲು, ಶವರ್ ಹಾಕಲು ಯಾರನ್ನೇಕೆ ಕೇಳಲಿ?’ ಎಂದು ಬಚ್ಚಲಿನ ಬಗ್ಗೆ ಬರೆದ ಲೇಖಕರೊಬ್ಬರ ವಾದ ಇಳಕಲ್ಲಿನ ಓಣಿಯಲ್ಲಿ ನಡೆದೀತು. ಇದ್ದ ಬಚ್ಚಲಿಗೆ ಹೊಸ ನಳ ಕೂಡಿಸಿದರೆ ಯಾವ ನಗರಸಭೆ ಕೇಳುತ್ತದೆ? ಬಾದಾಮಿ, ಐಹೊಳೆಗಳ ಮಾತು ಬೇರೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ನಿಷೇಧಿತ ವಲಯದ ಹಿತ್ತಲಲ್ಲಿ ನಾಲ್ಕು ಗೋಡೆ ಎಬ್ಬಿಸಿದಿರೋ, ಅದು ‘ನಿರ್ಮಾಣ’; 2 ವರ್ಷದವರೆಗೆ ಜೈಲೂ ಆದೀತು. ಹಳೆಯ ಕಟ್ಟಡದ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ತಮಾಷೆಯೆಂದರೆ, ಸಾರ್ವಜನಿಕ ಶೌಚಾಲಯ ಈ ‘ನಿರ್ಮಾಣ’ದ ವ್ಯಾಖ್ಯೆಯಿಂದ ಹೊರಗಿದೆ! ಪ್ರವಾಸಿಗೆ ಸಿಕ್ಕ ಈ ರಿಯಾಯಿತಿ ಊರ ಸೊಸೆಗಿಲ್ಲ. ಲೇಖಕರು ಸಿಟ್ಟಾಗಬೇಕಾದದ್ದು ಇದಕ್ಕೆ. ಅದು ಬಿಟ್ಟು ‘ಯಾರನ್ನೂ ಕೇಳಬೇಡಿ’ ಎಂದರೆ, ನೋಟಿಸು ಹೋಗುವುದು ಲೇಖಕರ ವಿಳಾಸಕ್ಕಲ್ಲ.