ದ್ವೀಪದ ರೋಗಾಣುವಿಗೂ ಲೆಕ್ಕ ಬೇಕು

ಸುತ್ತಲಿನ ಸಮುದ್ರವು ದ್ವೀಪವನ್ನು ರೋಗರುಜಿನಗಳಿಂದ ಕಾಯುತ್ತದೆಂಬ ನಂಬಿಕೆ ನಮ್ಮಲ್ಲಿ ಹಲವರಿಗುಂಟು. ಅಂಡಮಾನಿನ ಅನುಭವವು ಇದನ್ನು ಸುಳ್ಳಾಗಿಸಿದೆ. 2024ರಿಂದ ಶ್ರೀ ವಿಜಯಪುರಂ ಎಂದು ಹೆಸರಾದ ಪೋರ್ಟ್ ಬ್ಲೇರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1983ರಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿತು. ಅಲ್ಲಿನ ವಿಜ್ಞಾನಿಗಳು ಅತಿಸಾರಪೀಡಿತ ಮಕ್ಕಳಲ್ಲಿ ಕಂಡುಬಂದ, ರಕ್ತಭೇದಿಗೆ ಕಾರಣವಾಗುವ ಷಿಗೆಲ್ಲಾ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿದರು. 2000–02ರ ಫಲಿತಾಂಶಗಳನ್ನು 2006–09ರವುಗಳೊಡನೆ ಹೋಲಿಸಿದಾಗ, ಆ ಬ್ಯಾಕ್ಟೀರಿಯಗಳು ಮಣಿಯದ ಔಷಧಿಗಳ ಪಟ್ಟಿ ಬೆಳೆದಿತ್ತು.

ಇಂತಹ ಲೆಕ್ಕದಿಂದ ರೋಗಿಗೇನು ಲಾಭ? ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಯಾವ ಆಂಟಿಬಯೋಟಿಕ್ ಔಷಧಿಗೆ ಮಣಿಯುತ್ತದೆಂದು ತಿಳಿಯಲು ಸಾಮಾನ್ಯವಾಗಿ ಎರಡು ಮೂರು ದಿನಗಳು ಬೇಕು. ನಿತ್ರಾಣಗೊಂಡ ಹಸುಳೆ ಅಷ್ಟು ಕಾಯಲಾರದು. ಆಗ ವೈದ್ಯರಿಗೆ ದಾರಿ ತೋರುವುದು ಅದೇ ಆಸ್ಪತ್ರೆಯ ಹಿಂದಿನ ರೋಗಿಗಳ ಪರೀಕ್ಷೆಗಳಿಂದ ಕೂಡಿಬಂದ ಲೆಕ್ಕವೇ. ಅದಿಲ್ಲದಿದ್ದರೆ ಚಿಕಿತ್ಸೆಯು ಕತ್ತಲಲ್ಲಿ ಬಿಟ್ಟ ಬಾಣ. ಗುರಿ ತಪ್ಪಿದರೆ ಚೆನ್ನೈ ಸುಮಾರು 1,360 ಕಿಲೋಮೀಟರ್ ದೂರ. ಹಡಗಿನಲ್ಲಿ ಮೂರು ದಿನಗಳ ಹಾದಿ.

ಮಂಡಳಿಯು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ನಿಗಾ ಜಾಲವು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳನ್ನು ಆಧರಿಸಿ ಬೆಳೆಯಿತು. ಮಹಾನಗರದ ಅಂಕಿ ಅಂಶ ದ್ವೀಪಕ್ಕೆ ಹೊಂದೀತೆಂದು ಹೇಳಲಾಗದು. ಆದುದರಿಂದ ದ್ವೀಪದ ಆಸ್ಪತ್ರೆಗಳಿಗೆ ತಮ್ಮದೇ ಆದ ಲೆಕ್ಕವಿರಬೇಕು; ಅದು ವರ್ಷವರ್ಷವೂ ನಡೆಯಬೇಕು; ಸಂಶೋಧಕರ ಪ್ರಬಂಧದಲ್ಲಿ ಉಳಿಯದೆ, ಚಿಕಿತ್ಸೆ ನೀಡುವ ವೈದ್ಯರ ಮೇಜಿನ ಮೇಲಿರಬೇಕು.

2011ರ ಜನಗಣತಿಯಂತೆ ನಾಲ್ಕು ಲಕ್ಷವೂ ಇಲ್ಲದ ಜನರಿಗಾಗಿ ಇಷ್ಟು ವೆಚ್ಚವೇಕೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕಠಿಣ ರೋಗವುಳ್ಳವರನ್ನು ದ್ವೀಪಗಳಿಂದ ಚೆನ್ನೈ, ಕೋಲ್ಕತ್ತಗಳಿಗೆ ಕಳುಹಿಸುವುದುಂಟು. ಗುಣವಾದವರು ಮರಳುವುದೂ ಉಂಟು. ರೋಗಿಯೊಡನೆ ರೋಗಾಣುವೂ ಪ್ರಯಾಣ ಮಾಡುತ್ತದೆ. ಅದಕ್ಕೆ ಟಿಕೇಟಿನ ಹಂಗಿಲ್ಲ. ದ್ವೀಪದ ಲೆಕ್ಕವು ನಗರದ ರಕ್ಷಣೆಯೂ ಹೌದು.

ಊರು ಬಿಟ್ಟು ನಗರ ಸೇರಿದ ನಮಗೆ ಇದರಲ್ಲಿ ಪಾಲಿಲ್ಲವೆನ್ನಲಾದೀತೆ? ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ಕೊಳ್ಳುವುದು, ಸಾಮಾನ್ಯ ನೆಗಡಿಗೂ ಆಂಟಿಬಯೋಟಿಕ್ ಬೇಡುವುದು, ವೈದ್ಯರು ಹೇಳಿದ ಕಲ್ಚರ್ ಪರೀಕ್ಷೆಯನ್ನು ದುಂದುವೆಚ್ಚವೆಂದು ತಳ್ಳಿಹಾಕುವುದು—ಇವನ್ನು ಬಿಡೋಣ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯವನ್ನು ಸೂಚಿಸಿದ್ದರು. ಇಂದು ನಮ್ಮ ಪರೀಕ್ಷೆಯ ಫಲಿತಾಂಶವು ಲೆಕ್ಕಕ್ಕೆ ಸೇರಿದರೆ, ನಾಳೆ ಅದೇ ಹಾಸಿಗೆಗೆ ಬರುವ ಅಪರಿಚಿತನೊಬ್ಬನಿಗೆ ಸರಿಯಾದ ಔಷಧಿ ಮೊದಲ ದಿನವೇ ದೊರೆತೀತು.